ಬೀದಿಪಾಲಾದ ಸ್ವರಲಿಪಿಗಳು: ಜೂಲಿಯಸ್ ಈಸ್ಟ್‌ಮನ್ ಅವರ ಬದುಕು

ಕಲಾವಿದರೊಬ್ಬರು ತೀರಿಕೊಂಡು ಎಂಟು ತಿಂಗಳಾದ ಮೇಲೆ ಅವರ ಮರಣವಾರ್ತೆ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವರ ಸ್ವರಲಿಪಿಗಳಲ್ಲಿ ಬಹುಪಾಲು ಎಲ್ಲಿಯೋ ಕಳೆದುಹೋಗಿದ್ದವು. ಅಮೆರಿಕದ ಸಂಗೀತ ರಚನಕಾರ, ಪಿಯಾನೋ ವಾದಕ, ಗಾಯಕ ಜೂಲಿಯಸ್ ಈಸ್ಟ್‌ಮನ್ ಅವರ ಹೆಸರು ಉಳಿದ ಬಗೆಯನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

1940ರ ಅಕ್ಟೋಬರ್ 27ರಂದು ನ್ಯೂಯಾರ್ಕಿನಲ್ಲಿ ಜನಿಸಿದ ಈಸ್ಟ್‌ಮನ್ ಬೆಳೆದದ್ದು ಅದೇ ರಾಜ್ಯದ ಇಥಾಕಾ ಊರಿನಲ್ಲಿ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಪಿಯಾನೋ ವಾದನವನ್ನೂ ಸಂಗೀತ ರಚನೆಯನ್ನೂ ಅಭ್ಯಸಿಸಿ, ಬಫಲೋ ವಿಶ್ವವಿದ್ಯಾಲಯದ ನವ್ಯ ಸಂಗೀತ ಬಳಗವನ್ನು ಸೇರಿದರು. ಹುಚ್ಚು ದೊರೆಯೊಬ್ಬನ ಅಳಲನ್ನು ಕುರಿತ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಅವರ ಕೃತಿಯನ್ನು ಹಾಡಿದ ಅವರ ಧ್ವನಿಮುದ್ರಿಕೆ 1973ರಲ್ಲಿ ಹೊರಬಂದು, ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಅವರು ನ್ಯೂಯಾರ್ಕಿಗೆ ಬಂದರು. 'ನೋ ವೇವ್' ಎಂಬ ಒರಟು ಸಂಗೀತಧಾರೆ ಅಲ್ಲಿನ ಭೂಗತ ವೇದಿಕೆಗಳಲ್ಲಿ ತಲೆಯೆತ್ತುತ್ತಿದ್ದ ಕಾಲವದು. ಈಸ್ಟ್‌ಮನ್ ಅವರ ರಚನೆಗಳಲ್ಲಿ ಕಿರಿದಾದೊಂದು ಸ್ವರಗುಚ್ಛ ಮತ್ತೆ ಮತ್ತೆ ಮರಳುತ್ತದೆ. ಪ್ರತಿ ಘಟ್ಟವೂ ಹಿಂದಿನದನ್ನು ಒಳಗಿಟ್ಟುಕೊಂಡೇ ಹೊಸದನ್ನು ಸೇರಿಸಿಕೊಳ್ಳುತ್ತದೆ. ಬಿಳಿಯರೇ ಹೆಚ್ಚಾಗಿದ್ದ ಆ ಕ್ಷೇತ್ರದಲ್ಲಿ ಅವರು ಕಪ್ಪು ಜನಾಂಗದವರು, ಸಲಿಂಗಾನುರಾಗಿ. ಎರಡನ್ನೂ ಅವರು ಮರೆಮಾಚಲಿಲ್ಲ. 1980ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅವರ ಕೃತಿಗಳ ಶೀರ್ಷಿಕೆಗಳಿಗೆ ಆಕ್ಷೇಪ ಎದ್ದು, ಮುದ್ರಿತ ಕಾರ್ಯಕ್ರಮಪಟ್ಟಿಯಿಂದ ಅವನ್ನು ಕೈಬಿಡಲಾಯಿತು. ಈಸ್ಟ್‌ಮನ್ ಆ ಹೆಸರುಗಳನ್ನೇಕೆ ಇಟ್ಟೆನೆಂಬುದನ್ನು ವೇದಿಕೆಯ ಮೇಲೆಯೇ ವಿವರಿಸಿದರು.

ಮುಂದಿನ ದಿನಗಳು ಕಠಿಣವಾದವು. ಸ್ಥಿರವಾದ ಉದ್ಯೋಗ ದೊರೆಯಲಿಲ್ಲ, ಮದ್ಯವ್ಯಸನವೂ ಅಂಟಿಕೊಂಡಿತು. ಎಂಬತ್ತರ ದಶಕದ ಆರಂಭದಲ್ಲಿ ಅವರನ್ನು ಬಾಡಿಗೆಮನೆಯಿಂದ ಹೊರಹಾಕಲಾಯಿತು. ಸಾಮಾನುಗಳೊಡನೆ ಸ್ವರಲಿಪಿಗಳೂ ಹೋದವು. ಕೆಲಕಾಲ ಟಾಂಪ್ಕಿನ್ಸ್ ಸ್ಕ್ವೇರ್ ಉದ್ಯಾನವೇ ಅವರ ಆಸರೆಯಾಯಿತು. 1990ರ ಮೇ 28ರಂದು, 49ನೆಯ ವಯಸ್ಸಿನಲ್ಲಿ, ಬಫಲೋ ನಗರದ ಆಸ್ಪತ್ರೆಯಲ್ಲಿ ಅವರು ನಿಧನರಾದರು.

ಅವರ ಸಂಗೀತವನ್ನು ಮರಳಿ ತಂದುದು ಪಾಠಕ್ಕಾಗಿ ಆರಂಭವಾದ ಒಂದು ಹುಡುಕಾಟ. ಹತ್ತು ಚೆಲ್ಲೋ ವಾದ್ಯಗಳಿಗಾಗಿ ಈಸ್ಟ್‌ಮನ್ ರಚಿಸಿದ್ದ ಜೋನ್ ಆಫ್ ಆರ್ಕ್ ಕುರಿತ ಕೃತಿಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಬೇಕೆಂದು ರಚನಕಾರ್ತಿ ಮೇರಿ ಜೇನ್ ಲೀಚ್ 1998ರಲ್ಲಿ ಅದರ ಲಿಪಿಯನ್ನು ಅರಸಿದರು. ಅದು ದೊರೆಯಲಿಲ್ಲ. ಆದರೆ ಅವರು ಕೈಬಿಡದೆ ಹಳೆಯ ಗೆಳೆಯರನ್ನೂ ಸಂಸ್ಥೆಗಳನ್ನೂ ವಿಚಾರಿಸುತ್ತ, ಉಳಿದ ಧ್ವನಿಮುದ್ರಣಗಳನ್ನು ಕೂಡಿಸಿದರು. 2005ರಲ್ಲಿ 'ಅನ್‌ಜಸ್ಟ್ ಮಲೇಸ್' ಎಂಬ ಮೂರು ಸಿ.ಡಿ.ಗಳ ಸಂಕಲನ ಪ್ರಕಟವಾಯಿತು. ನಾರ್ತ್‌ವೆಸ್ಟರ್ನ್ ವೇದಿಕೆಯ ಆ ವಿವರಣೆಯೂ ಅದರಲ್ಲಿದೆ. ಲಿಪಿ ಕಳೆದಿದ್ದ ಜೋನ್ ಕೃತಿಯನ್ನು ಮುಂದೆ ಧ್ವನಿಮುದ್ರಣ ಕೇಳಿಯೇ ಮತ್ತೆ ಬರೆದುಕೊಳ್ಳಲಾಯಿತು. ಇಂದು ಅನೇಕ ದೇಶಗಳ ವಾದ್ಯವೃಂದಗಳು ಈಸ್ಟ್‌ಮನ್ ಅವರನ್ನು ನುಡಿಸುತ್ತಿವೆ.

ಪ್ರತಿಭೆಯೊಂದೇ ಕೃತಿಯನ್ನು ಕಾಯಲಾರದು, ಯಾರಾದರೂ ಎತ್ತಿಡಬೇಕು. ನಮ್ಮ ಮನೆಯ ಅಟ್ಟದಲ್ಲಿ, ಶಾಲೆಯ ಕಪಾಟಿನಲ್ಲಿ ಹಿರಿಯರ ಹಾಡಿನ ಪುಸ್ತಕ, ನಾಟಕದ ಕೈಬರಹ, ಹಳೆಯ ಕ್ಯಾಸೆಟ್ ಇದ್ದರೆ ಈ ರಜೆಯಲ್ಲಿ ಮಕ್ಕಳೊಡನೆ ತೆರೆದು ನೋಡೋಣ. ಬರೆದವರ, ಹಾಡಿದವರ ಹೆಸರನ್ನೂ ವರ್ಷವನ್ನೂ ಅದರ ಮೇಲೆ ಬರೆದಿಡೋಣ.