ಗುರುದತ್ತ: ನಟನ ಹೆಜ್ಜೆ, ಕ್ಯಾಮೆರಾದ ನಡೆ

ಭಾರತೀಯ ಚಲನಚಿತ್ರ ಕಲೆಗೆ ಕನ್ನಡ ನಾಡು ನೀಡಿದ ಪ್ರತಿಭಾವಂತರಲ್ಲಿ ಗುರುದತ್ತರು ಅಗ್ರಗಣ್ಯರು. ಅವರು 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಪಡುಕೋಣೆ ಮನೆತನದ ಶಿವಶಂಕರರಾವ್ ಮತ್ತು ವಾಸಂತಿ ದಂಪತಿಗಳ ಮಗನಾಗಿ ಜನಿಸಿದರು. ಮನೆಮಾತು ಕೊಂಕಣಿ, ಬೆಳೆದದ್ದು ಕಲಕತ್ತೆಯಲ್ಲಿ. ಮನೆಯ ಅಡಚಣೆಯಿಂದ ಕಾಲೇಜಿನ ಮೆಟ್ಟಿಲು ಏರಲಾಗದ ಅವರಿಗೆ ಅಲ್ಮೋರದಲ್ಲಿದ್ದ ಉದಯಶಂಕರರ ಕಲಾಕೇಂದ್ರವೇ ವಿದ್ಯಾಪೀಠವಾಯಿತು. ಅಲ್ಲಿ ನೃತ್ಯ ಕಲಿತು, 1944ರಲ್ಲಿ ಪುಣೆಯ ಪ್ರಭಾತ್ ಚಿತ್ರಸಂಸ್ಥೆಯನ್ನು ಸೇರಿದರು.

ದೃಶ್ಯವನ್ನು ತುಂಡುತುಂಡಾಗಿ ಚಿತ್ರಿಸಿ ಜೋಡಿಸಿದಾಗ ಸಣ್ಣಪುಟ್ಟ ದೋಷಗಳನ್ನು ಕತ್ತರಿ ಮರೆಮಾಡುತ್ತದೆ. ಕ್ಯಾಮೆರಾ ನಿಲ್ಲದೆ ಬಹುಹೊತ್ತು ಸಾಗುವ ದೃಶ್ಯದಲ್ಲಿ ಆ ಆಸರೆಯಿಲ್ಲ. ನಟನು ಗುರುತಿಟ್ಟ ಸ್ಥಳಕ್ಕೆ ಸರಿಯಾದ ಗಳಿಗೆಗೆ ಬರಬೇಕು; ಹಳಿಯ ಮೇಲಿನ ಟ್ರಾಲಿ ಅವನ ನಡಿಗೆಯ ಲಯಕ್ಕೆ ಹೊಂದಬೇಕು; ಅವನು ಹಾಯುವ ಪ್ರತಿಯೊಂದು ಎಡೆಯಲ್ಲಿಯೂ ಬೆಳಕು ಅಣಿಯಾಗಿರಬೇಕು. ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಸಾರವಾಡ ಸೀಮೆಯ ಜನರು ಬಲ್ಲ ದೊಡ್ಡಾಟದಲ್ಲಿ ವೇಷಧಾರಿಯ ಹೆಜ್ಜೆಗೂ ಮದ್ದಳೆಗೂ ಇರುವ ನಂಟೇ ಇಲ್ಲಿ ನಟನಿಗೂ ಕ್ಯಾಮೆರಾಕ್ಕೂ ಇರುತ್ತದೆ. ನೃತ್ಯಮೇಳದಲ್ಲಿ ಪಳಗಿದ್ದ ಗುರುದತ್ತರು ಕ್ಯಾಮೆರಾವನ್ನೂ ಮೇಳದ ಒಬ್ಬ ಸದಸ್ಯನಂತೆ ನಡೆಸಿದರು.

1951ರಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಬಾಜಿ’ ತೆರೆಕಂಡಿತು. ಅದರಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೈಸೂರಿನ ವಿ. ಕೆ. ಮೂರ್ತಿಯವರು ಹಾಡೊಂದಕ್ಕೆ ಕನ್ನಡಿಯ ಬಿಂಬವನ್ನೂ ಕ್ಯಾಮೆರಾದ ಚಲನೆಯನ್ನೂ ಬೆಸೆಯುವ ಕಠಿಣವಾದ ಶಾಟನ್ನು ಸೂಚಿಸಿ ತಾವೇ ಚಿತ್ರಿಸಿದರು. ಗುರುದತ್ತರು ಅವರ ಕೈ ಬಿಡಲಿಲ್ಲ. ‘ಪ್ಯಾಸಾ’ (1957) ಈ ಜೋಡಿಗೆ ಕೀರ್ತಿ ತಂದಿತು.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿಗಾಗಿ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ದೂರ ದೂರ ನಿಂತ ನಾಯಕ-ನಾಯಿಕೆಯರ ನಡುವಿನ ಆ ಬೆಳಕಿನ ಕೋಲು, ಮೆಲ್ಲನೆ ಸಮೀಪಿಸುವ ಕ್ಯಾಮೆರಾ, ಮಾತಿಲ್ಲದೆಯೇ ಅಗಲಿಕೆಯನ್ನು ಹೇಳಿದವು.

ಪ್ರೇಕ್ಷಕರು ಚಿತ್ರವನ್ನು ಒಪ್ಪಲಿಲ್ಲ. ನಷ್ಟಕ್ಕಿಂತ ಮಿಗಿಲಾಗಿ ಆ ನಿರಾಕರಣೆಯೇ ಗುರುದತ್ತರನ್ನು ಘಾಸಿಗೊಳಿಸಿತು. ನಿರ್ಮಾಪಕರಾಗಿ, ನಟರಾಗಿ ಮುಂದುವರಿದರೂ ನಿರ್ದೇಶಕನೆಂದು ಮತ್ತೆ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು, 39ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಅಂದು ಸೋತ ಚಿತ್ರವನ್ನು ಇಂದು ಚಲನಚಿತ್ರ ವಿದ್ಯಾರ್ಥಿಗಳು ಪಾಠವೆಂದು ನೋಡುತ್ತಾರೆ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಟ್ರಾಲಿ ತಳ್ಳುವ ಕೈಯೂ ನಾಯಕನ ಹೆಜ್ಜೆಯಷ್ಟೇ ಅವಶ್ಯವೆಂಬುದು ಗುರುದತ್ತರ ಕೃತಿಗಳು ಕಲಿಸುವ ಪಾಠ. ಶಾಲೆಯ ರಂಗವನ್ನೇರುವ ಮಕ್ಕಳಿಗೂ, ತೆರೆಯ ಹಿಂದೆ ದುಡಿಯುವವರಿಗೂ ಅದು ಸಲ್ಲುತ್ತದೆ.