ಬೆಳಕಿನಿಂದ ಬರಹ ಮೂಡಿಸಿದ ಚೆಸ್ಟರ್ ಕಾರ್ಲ್‌ಸನ್

ಅಂಕಪಟ್ಟಿಯ ಪ್ರತಿಯೊಂದು ಬೇಕಾದಾಗ ಹಳ್ಳಿಯ ವಿದ್ಯಾರ್ಥಿಯೂ ಅರಸಿ ಹೋಗುವುದು ಜೆರಾಕ್ಸ್ ಅಂಗಡಿಯನ್ನು. ಆ ಶಬ್ದವನ್ನು ಬಲ್ಲವರು ಅಸಂಖ್ಯರು. ಅದರ ಹಿಂದಿರುವ ಪುರುಷನನ್ನು ಬಲ್ಲವರು ವಿರಳ. ಕಡುಬಡತನದಲ್ಲಿ ಬೆಳೆದು, ಲೋಕದ ಅನಾದರವನ್ನು ಸಹಿಸಿ, ಕಡೆಗೆ ಕೈಸೇರಿದ ಸಿರಿಯನ್ನು ಹೆಸರು ಮರೆಸಿ ಹಂಚಿದ ಚೆಸ್ಟರ್ ಕಾರ್ಲ್‌ಸನ್ನರ ಚರಿತ್ರೆಯು ಮನನಯೋಗ್ಯವಾದುದು.

ಕಾರ್ಲ್‌ಸನ್ನರು 1906ನೆಯ ಇಸವಿ ಫೆಬ್ರವರಿ 8ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಜನಿಸಿದರು. ಕ್ಷೌರಿಕರಾಗಿದ್ದ ತಂದೆ ಕ್ಷಯ, ಸಂಧಿವಾತಗಳಿಂದ ಜರ್ಜರಿತರಾದುದರಿಂದ 14ನೆಯ ವಯಸ್ಸಿಗೇ ಸಂಸಾರದ ಭಾರವು ಬಾಲಕನ ಹೆಗಲೇರಿತು. 17ನೆಯ ವಯಸ್ಸಿನಲ್ಲಿ ಮಾತೃವಿಯೋಗವಾಯಿತು. ಆದರೂ ವಿದ್ಯೆಯನ್ನು ಬಿಡದೆ 1930ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ ಭೌತವಿಜ್ಞಾನ ಪದವೀಧರರಾದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ 82 ಸಂಸ್ಥೆಗಳಿಗೆ ಅರ್ಜಿ ಹಾಕಿದರೂ ಒಂದೂ ಕೆಲಸ ಕೊಡಲಿಲ್ಲ. ಬಳಿಕ ನ್ಯೂಯಾರ್ಕಿನಲ್ಲಿ ಪೇಟೆಂಟ್ ವಿಭಾಗದ ಉದ್ಯೋಗವು ಲಭಿಸಿತು. ರಾತ್ರಿಯ ವೇಳೆ ಕಾನೂನು ಓದುತ್ತ, ಪುಸ್ತಕ ಕೊಳ್ಳಲು ಹಣವಿಲ್ಲದೆ, ಗ್ರಂಥಾಲಯದಲ್ಲಿ ಪುಟಪುಟಗಳನ್ನು ಕೈಯಾರೆ ನಕಲು ಮಾಡುತ್ತಿದ್ದ ಅವರಿಗೆ ಸುಲಭವಾದ ಪ್ರತಿಮುದ್ರಣದ ಅಗತ್ಯವು ಮನವರಿಕೆಯಾಯಿತು.

1938ರ ಅಕ್ಟೋಬರ್ 22ರಂದು, ನ್ಯೂಯಾರ್ಕಿನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ, ಸಹಾಯಕ ಒಟ್ಟೊ ಕೊರ್ನೈ ಅವರೊಡನೆ ಪ್ರಯೋಗವು ಫಲಿಸಿತು. ಗಂಧಕ ಲೇಪಿಸಿದ ಸತುವಿನ ಫಲಕವನ್ನು ಕತ್ತಲೆಯಲ್ಲಿ ಕರವಸ್ತ್ರದಿಂದ ಉಜ್ಜಿ ವಿದ್ಯುದಾವಿಷ್ಟಗೊಳಿಸಿದರು. ಮಸಿಯಲ್ಲಿ ದಿನಾಂಕವನ್ನೂ ಸ್ಥಳನಾಮವನ್ನೂ ಬರೆದ ಗಾಜನ್ನು ಅದರ ಮೇಲಿರಿಸಿ ಬೆಳಕು ಹಾಯಿಸಿದರು. ಬಳಿಕ ನುಣುಪಾದ ಪುಡಿಯನ್ನು ಉದುರಿಸಿ ಊದಿದಾಗ ಅಕ್ಷರಗಳು ಫಲಕದಲ್ಲಿ ಉಳಿದವು. ಮೇಣದ ಕಾಗದಕ್ಕೂ ಇಳಿದವು.

ಆದರೆ ಮಾನ್ಯತೆಯು ಸುಲಭವಾಗಿ ಬರಲಿಲ್ಲ. ಇಪ್ಪತ್ತಕ್ಕೂ ಮಿಕ್ಕಿದ ಕಂಪನಿಗಳು ಈ ವಿಧಾನವನ್ನು ನಿರಾಕರಿಸಿದವು. 1944ರಲ್ಲಿ ಒಹಾಯೊ ಪ್ರಾಂತದ ಬ್ಯಾಟೆಲ್ ಸಂಸ್ಥೆಯೂ, ಅನಂತರ ರಾಚೆಸ್ಟರಿನ ಹ್ಯಾಲಾಯ್ಡ್ ಕಂಪನಿಯೂ ಕೈ ನೀಡಿದವು.

ಬ್ಯಾಟೆಲ್ ಸಂಸ್ಥೆಯ ಸಂಶೋಧಕರು ಗಂಧಕಕ್ಕೆ ಬದಲಾಗಿ ಸೆಲೆನಿಯಮ್ ಧಾತುವನ್ನು ಬಳಸಿದರು. ಅದೂ ಸ್ಫಟಿಕರೂಪದ್ದಲ್ಲ, ಗಾಜಿನಂತೆ ಪರಮಾಣುಗಳಿಗೆ ಕ್ರಮಬದ್ಧ ಜೋಡಣೆಯಿಲ್ಲದ ಸೆಲೆನಿಯಮ್. ಕತ್ತಲೆಯಲ್ಲಿ ಅದು ವಿದ್ಯುತ್ತನ್ನು ಹರಿಯಗೊಡದೆ ಮೇಲ್ಮೈಯ ಆವೇಶವನ್ನು ಹಿಡಿದಿಡುವುದು. ಬೆಳಕು ಬಿದ್ದೊಡನೆ ಒಳಗಣ ಇಲೆಕ್ಟ್ರಾನುಗಳು ಬಂಧ ಕಳಚಿಕೊಂಡು, ಸಮಸ್ಥಿತಿ ಕದಡಿ, ಆ ಭಾಗದ ಆವೇಶವು ಸೋರಿಹೋಗುವುದು. ಅಕ್ಷರದ ನೆರಳು ಬಿದ್ದೆಡೆ ಮಾತ್ರ ಆವೇಶವು ಉಳಿದು, ವಿರುದ್ಧ ಆವೇಶದ ಕಪ್ಪು ಪುಡಿಯನ್ನು ಸೆಳೆಯುವುದು. ಆ ಪುಡಿಯನ್ನು ಕಾಗದಕ್ಕಿಳಿಸಿ ಶಾಖದಿಂದ ಅಂಟಿಸಿದರೆ ಪ್ರತಿಯು ಸಿದ್ಧ. ಸ್ಫಟಿಕರೂಪದ ಸೆಲೆನಿಯಮಾದರೋ ಕತ್ತಲೆಯಲ್ಲಿಯೂ ಆವೇಶವನ್ನು ಸೋರಗೊಡುವುದು. ಹೀಗೆ ಅವ್ಯವಸ್ಥೆಯೇ ಇಲ್ಲಿ ಗುಣವಾಗಿ ಪರಿಣಮಿಸಿತು. ಗ್ರೀಕ್ ಭಾಷೆಯಲ್ಲಿ ಒಣಬರಹವೆಂದು ಅರ್ಥವಾಗುವ ಜೆರೋಗ್ರಫಿ ಎಂಬ ಹೆಸರು ಇದಕ್ಕೆ ಸಂದಿತು.

1959ರಲ್ಲಿ 914 ಎಂಬ ಯಂತ್ರವು ಹೊರಬಂದು ಕಚೇರಿಗಳ ರೀತಿಯನ್ನೇ ಮಾರ್ಪಡಿಸಿತು. 1961ರಲ್ಲಿ ಕಂಪನಿಯು ಜೆರಾಕ್ಸ್ ಎಂಬ ಹೆಸರನ್ನೇ ತಾಳಿತು. ಮುಂದೆ ಸೆಲೆನಿಯಮಿನ ಸ್ಥಾನವನ್ನು ಇತರ ದ್ರವ್ಯಗಳು ಆಕ್ರಮಿಸಿದರೂ ಮೂಲತತ್ತ್ವವು ಲೇಸರ್ ಮುದ್ರಣಯಂತ್ರಗಳಲ್ಲಿಯೂ ಮುಂದುವರಿದಿದೆ.

ಐಶ್ವರ್ಯವು ಒದಗಿದಾಗ ಕಾರ್ಲ್‌ಸನ್ನರು ಭೋಗಕ್ಕೆ ಎಳಸಲಿಲ್ಲ. ಸುಮಾರು 10 ಕೋಟಿ ಡಾಲರುಗಳನ್ನು ಸತ್ಕಾರ್ಯಗಳಿಗೆ ವಿನಿಯೋಗಿಸಿದರು. ಬಹುಪಾಲು ದಾನಗಳಲ್ಲಿ ತಮ್ಮ ಹೆಸರು ಕಾಣದಂತೆ ಎಚ್ಚರ ವಹಿಸಿದರು. ಕಷ್ಟಕಾಲದ ಸಹಾಯಕ ಕೊರ್ನೈ ಅವರನ್ನೂ ಮರೆಯದೆ ಕಂಪನಿಯ ಷೇರುಗಳನ್ನು ಕಾಣಿಕೆಯಿತ್ತರು. 1968ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನಲ್ಲಿ ಕಾಲವಶರಾದರು.

ಪುಸ್ತಕ ಕೊಳ್ಳಲಾರದ ಬಡ ವಿದ್ಯಾರ್ಥಿಯೊಬ್ಬನ ಬವಣೆಯು ಲೋಕದ ವಿದ್ಯಾರ್ಥಿಗಳೆಲ್ಲರ ಉಪಕಾರಕ್ಕೆ ಮೂಲವಾಯಿತು. ತಾನು ಪಟ್ಟ ಕಷ್ಟವು ಪರರಿಗೆ ತಟ್ಟದಿರಲೆಂದು ದುಡಿದವರ ಬಾಳು ಸಾರ್ಥಕವಾದುದು.