ಶಂ. ಬಾ. ಜೋಶಿ

ಶಂಕರ ಬಾಳದೀಕ್ಷಿತ ಜೋಶಿ (4 ಜನವರಿ 1896 – 28 ಸೆಪ್ಟೆಂಬರ್ 1991) ಕನ್ನಡದ ಸಂಶೋಧಕರು, ಸಂಸ್ಕೃತಿ ಚಿಂತಕರು ಹಾಗೂ ಶಿಕ್ಷಕರು. ಶಂಬಾ ಎಂಬ ಹೆಸರಿನಿಂದಲೇ ಇವರು ಪ್ರಸಿದ್ಧರು. ನಾಡಿನ ಮೂಲ ಜನವರ್ಗಗಳು, ಅವರ ದೈವಗಳು, ಆಚರಣೆಗಳು ಮತ್ತು ಊರ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಕರ್ನಾಟಕ ಹಾಗೂ ಮಹಾರಾಷ್ಟ್ರಗಳ ಪ್ರಾಚೀನ ಸಂಸ್ಕೃತಿಯನ್ನು ವಿವೇಚಿಸಿದವರಲ್ಲಿ ಇವರು ಅಗ್ರಗಣ್ಯರು.

ಜೀವನ

ಶಂಬಾ ಅವರು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಜನಿಸಿದರು. ಇವರ ಬಾಲ್ಯದ ಕಾಲಕ್ಕೆ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ ವ್ಯವಹಾರ ಮತ್ತು ವಿದ್ಯಾಭ್ಯಾಸಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಬಾಲಗಂಗಾಧರ ತಿಲಕರ ರಾಷ್ಟ್ರೀಯ ಚಳವಳಿ ಮತ್ತು ಆಲೂರು ವೆಂಕಟರಾಯರ ಕರ್ನಾಟಕತ್ವದ ವಿಚಾರಗಳು ಇವರ ಯೌವನವನ್ನು ರೂಪಿಸಿದವು. ಧಾರವಾಡದಲ್ಲಿ ನೆಲೆಸಿ, ಪ್ರೌಢಶಾಲೆಯ ಶಿಕ್ಷಕರಾಗಿ ಜೀವನ ನಡೆಸಿದರು. ಶಾಲೆಯ ಕೆಲಸದ ನಡುವೆಯೇ ಕನ್ನಡ, ಮರಾಠಿ ಮತ್ತು ಸಂಸ್ಕೃತ ಆಕರಗಳನ್ನು ಅಭ್ಯಸಿಸಿದ ಇವರ ವಿದ್ವತ್ತು ಬಹುಪಾಲು ಸ್ವಾಧ್ಯಾಯದಿಂದ ಗಳಿಸಿದ್ದಾಗಿತ್ತು.

ಸಂಶೋಧನೆಯ ಹಿನ್ನೆಲೆ

ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ. ಗೋದಾವರಿಯ ತೀರದಲ್ಲಿ ಇಂದು ಕನ್ನಡವು ಜನರ ಮಾತಾಗಿ ಉಳಿದಿಲ್ಲ. ಹಾಗಾದರೆ ಅಲ್ಲಿದ್ದ ಕನ್ನಡಿಗರು ಏನಾದರು? ಶಂಬಾ ಅವರ ಸಂಶೋಧನೆಗೆ ಈ ಪ್ರಶ್ನೆಯೇ ಪ್ರೇರಣೆಯಾಯಿತು. 1933ರಲ್ಲಿ ಪ್ರಕಟವಾದ ಕಣ್ಮರೆಯಾದ ಕನ್ನಡ ಈ ದಿಕ್ಕಿನ ಮೊದಲ ಮುಖ್ಯ ಕೃತಿ. ಜನರು ಭಾಷೆಯನ್ನು ಬದಲಿಸಿದರೂ ಊರಿನ ಹೆಸರು, ಕುಲದ ಹೆಸರು ಮತ್ತು ಮನೆದೇವರನ್ನು ಸುಲಭವಾಗಿ ಬಿಡುವುದಿಲ್ಲ ಎಂಬುದು ಇವರ ಅಧ್ಯಯನದ ತಳಹದಿಯಾಗಿತ್ತು. ಎಡೆಗಳು ಹೇಳುವ ಕಂನಾಡ ಕಥೆ ಎಂಬ ಕೃತಿಯು ಸ್ಥಳನಾಮಗಳನ್ನೇ ಆಕರವಾಗಿ ಬಳಸಿಕೊಳ್ಳುತ್ತದೆ.

ದೇಸಿ ಧರ್ಮಗಳ ಅಧ್ಯಯನ

ಅಂದಿನ ಇತಿಹಾಸಕಾರರ ದೃಷ್ಟಿ ಹೆಚ್ಚಾಗಿ ರಾಜವಂಶ ಮತ್ತು ಶಾಸನಗಳ ಮೇಲಿತ್ತು. ಪಶುಪಾಲಕರ ಹಾಗೂ ಬೇಸಾಯಗಾರರ ದೈವಗಳು ಕ್ಷುದ್ರದೇವತೆಗಳೆಂಬ ಹೆಸರಿನಲ್ಲಿ ಬದಿಗೆ ಸರಿದಿದ್ದವು. ಶಂಬಾ ಅವರು ಈ ದೈವಗಳನ್ನೇ ಸಂಸ್ಕೃತಿಯ ಚರಿತ್ರೆಗೆ ಮುಖ್ಯ ಸಾಕ್ಷಿಯೆಂದು ಪರಿಗಣಿಸಿದರು. ದಖ್ಖನಿನ ಮೂಲ ನಿವಾಸಿಗಳಲ್ಲಿ ಹಟ್ಟಿಗಳನ್ನು ಕಟ್ಟಿಕೊಂಡು ಬಾಳಿದ ಪಶುಪಾಲಕ ಜನವರ್ಗ ಪ್ರಧಾನವಾದುದು, ಅವರು ಕನ್ನಡ ಮೂಲದವರು, ಮಹಾರಾಷ್ಟ್ರದ ಸಂಸ್ಕೃತಿಯ ಅಡಿಪಾಯದಲ್ಲೂ ಅವರೇ ಇದ್ದಾರೆ ಎಂಬುದು ಇವರ ಪ್ರತಿಪಾದನೆ. 1952ರಲ್ಲಿ ಮರಾಠಿಯಲ್ಲಿಯೇ ಬರೆದ ಮರ್ಹಾಟಿ ಸಂಸ್ಕೃತಿ: ಕಾಹೀ ಸಮಸ್ಯಾ ಎಂಬ ಗ್ರಂಥದಲ್ಲಿ ಮರಾಠಿ ಓದುಗರ ಮುಂದೆ ಈ ಪ್ರಶ್ನೆಗಳನ್ನಿಟ್ಟರು.

1960ರ ಹಾಲುಮತ ದರ್ಶನ ಕುರುಬ ಸಮುದಾಯದ ಧಾರ್ಮಿಕ ಪರಂಪರೆಯನ್ನು ಕುರಿತದ್ದು. ಒಂದು ಸಮುದಾಯದ ನಂಬಿಕೆಗಳನ್ನು ತನ್ನದೇ ಆದ ದರ್ಶನವೆಂದು ಕರೆದುದು ಆ ಕಾಲಕ್ಕೆ ಹೊಸ ದೃಷ್ಟಿಯಾಗಿತ್ತು. ಎರಡು ಸಂಪುಟಗಳ ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ ಇವರ ವಿಚಾರಗಳ ಸಮಗ್ರ ನಿರೂಪಣೆ. ವೇದ, ಪುರಾಣಗಳ ಕಥೆಗಳನ್ನು ಅಕ್ಷರಶಃ ನಡೆದ ಘಟನೆಗಳೆಂದಾಗಲಿ, ಬರಿಯ ಕಟ್ಟುಕಥೆಗಳೆಂದಾಗಲಿ ನೋಡದೆ, ಸಮುದಾಯದ ಮನಸ್ಸಿನ ಪ್ರತೀಕಗಳೆಂದು ಇವರು ಓದಿದರು. ಋಗ್ವೇದಸಾರ: ನಾಗಪ್ರತಿಮಾ ವಿಚಾರ ಈ ವಿಧಾನಕ್ಕೆ ಉದಾಹರಣೆ.

ಗಡಿನಾಡು ಮತ್ತು ಮೈಲಾರ ಪರಂಪರೆ

ಶಂಬಾ ಅವರು ಎತ್ತಿದ ಪ್ರಶ್ನೆಗಳ ಮಹತ್ವ ಬೀದರ್ ಜಿಲ್ಲೆಯಂತಹ ಗಡಿಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಭಾಲ್ಕಿ, ಔರಾದ್ ತಾಲೂಕುಗಳು ಮೈಸೂರು ರಾಜ್ಯಕ್ಕೂ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಜಹೀರಾಬಾದ್, ನಾರಾಯಣಖೇಡ ಭಾಗಗಳು ಆಂಧ್ರಪ್ರದೇಶಕ್ಕೆ ಹೋದವು. ಭಾಲ್ಕಿ ಮತ್ತು ಉದಗೀರಗಳ ನಡುವಿನ ಕಮಲನಗರ ಹೀಗೆ ಗಡಿಯ ಊರಾಯಿತು. ಇಲ್ಲಿ ಕನ್ನಡ, ಮರಾಠಿಗಳೆರಡೂ ಮನೆಮಾತುಗಳು.

ರಾಜ್ಯಗಳ ಗಡಿ ಬದಲಾದರೂ ದೈವಗಳ ಒಕ್ಕಲು ಬದಲಾಗಲಿಲ್ಲ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಕನ್ನಡ, ಮರಾಠಿ, ತೆಲುಗು ಮಾತನಾಡುವ ಭಕ್ತರಿದ್ದಾರೆ. ಇದೇ ದೈವವು ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಮೈಲಾರಲಿಂಗ, ಮಹಾರಾಷ್ಟ್ರದ ಜೆಜುರಿಯಲ್ಲಿ ಖಂಡೋಬಾ. ಮರಾಠಿ ಪರಂಪರೆಯಲ್ಲಿ ಖಂಡೋಬಾನ ಇಬ್ಬರು ಮಡದಿಯರಲ್ಲಿ ಮ್ಹಾಳಸಾ ವ್ಯಾಪಾರಿ ಕುಲದವಳು, ಬಾಣಾಯಿ ಕುರಿಗಾಹಿ ಧನಗರ ಕುಲದವಳು. ಕನ್ನಡದ ಮೈಲಾರಲಿಂಗನ ಕಥೆಯಲ್ಲೂ ಕುರುಬ ಕುಲದ ಮಡದಿಯಿದ್ದಾಳೆ. ಪಶುಪಾಲಕ ಜನರ ನೆನಪು ದೇವರ ಸಂಸಾರದೊಳಗೇ ಉಳಿದಿರುವುದಕ್ಕೆ ಇದು ನಿದರ್ಶನ. ಮುಂದೆ ಜರ್ಮನ್ ವಿದ್ವಾಂಸ ಗುಂಥರ್ ಡೀಟ್ಸ್ ಸೋಂಥೈಮರ್ ಅವರು ಬಿರೋಬಾ, ಮ್ಹಸ್ಕೋಬಾ ಮತ್ತು ಖಂಡೋಬಾ ಆರಾಧನೆಗಳನ್ನು ಕ್ಷೇತ್ರಕಾರ್ಯದ ಮೂಲಕ ಅಧ್ಯಯನ ಮಾಡಿ 1976ರಲ್ಲಿ ಗ್ರಂಥ ಪ್ರಕಟಿಸಿದರು.

ವಿಮರ್ಶೆ

ಶಂಬಾ ಅವರ ನಿರುಕ್ತಿಗಳೆಲ್ಲವೂ ವಿದ್ವಾಂಸರಿಗೆ ಒಪ್ಪಿಗೆಯಾಗಿಲ್ಲ. ಶಬ್ದಗಳ ಧ್ವನಿಸಾಮ್ಯವೊಂದರಿಂದಲೇ ಮೂಲವನ್ನು ನಿರ್ಧರಿಸಲಾಗದು ಎಂಬುದು ಭಾಷಾವಿಜ್ಞಾನದ ಸಾಮಾನ್ಯ ನಿಯಮ. ಇವರ ಹಲವು ಊಹೆಗಳು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಇವರ ಬರವಣಿಗೆ ಸಾಂದ್ರವಾಗಿದ್ದು, ಸಾಮಾನ್ಯ ಓದುಗರಿಗೆ ಕಠಿಣವೆನಿಸುತ್ತದೆ. ಜನಪದ ದೈವ, ಸ್ಥಳನಾಮ ಮತ್ತು ಪಶುಪಾಲಕ ಸಮುದಾಯಗಳನ್ನು ಸಂಸ್ಕೃತಿ ಶೋಧದ ಮುಖ್ಯ ಆಕರಗಳನ್ನಾಗಿ ಮಾಡಿದ ಕೀರ್ತಿ ಮಾತ್ರ ಇವರಿಗೆ ಸಲ್ಲುತ್ತದೆ. ಎರಡು ಭಾಷೆಗಳ ಜನರಿಗೆ ಒಂದೇ ಮೂಲವನ್ನು ತೋರಿಸಿದ ಇವರ ವಿಚಾರವು, ಗಡಿಯನ್ನು ವಿವಾದದ ವಿಷಯವಾಗಿ ಮಾತ್ರ ನೋಡುವ ದೃಷ್ಟಿಗಿಂತ ಭಿನ್ನವಾದುದು.

ಪ್ರಶಸ್ತಿ, ಗೌರವಗಳು

ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ ಕೃತಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1981ರಲ್ಲಿ ಮಡಿಕೇರಿಯಲ್ಲಿ ನಡೆದ 54ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಇವರು ವಹಿಸಿದ್ದರು. 95 ವರ್ಷಗಳ ತುಂಬು ಜೀವನ ನಡೆಸಿ 1991ರಲ್ಲಿ ನಿಧನರಾದರು. ಇವರ ಬರಹಗಳು ಶಂಬಾ ಕೃತಿ ಸಂಪುಟಗಳ ರೂಪದಲ್ಲಿ ಪ್ರಕಟವಾಗಿವೆ.